ಕ್ಷುದ್ರಗ್ರಹಕ್ಕೊಂದು ಶಿಫಾರಸು

ದೂರದ ಚಿಂತೆಗಳನ್ನು ಮನೆಗೆ ತಂದು ಸಾಕಿಕೊಳ್ಳುವುದು ನನ್ನ ಚಾಳಿ. ಅಡುಗೆಮನೆಯ ನಲ್ಲಿ ಸೋರುವುದು ನನಗೆ ಕೇಳಿಸುವುದಿಲ್ಲ. ಭೂಮಿಯ ಹತ್ತಿರ ಯಾವುದೋ ಕ್ಷುದ್ರಗ್ರಹ ಹಾದುಹೋಗುತ್ತದೆಂದು ಪತ್ರಿಕೆಯ ಮೂಲೆಯಲ್ಲಿ ಬಂದರೆ ಮಾತ್ರ ಊಟ ಸೇರುವುದಿಲ್ಲ. ಮಳವಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರಾದವನಿಗೆ ಅಷ್ಟಾದರೂ ಕಳವಳ ಬೇಡವೇ? ಬೆಂಕಿ ಉಗುಳುತ್ತಾ ಹಾರುವ ರಾಕೆಟ್ಟಿಗೆ ಸರ್ಕಾರ ಧಾರಾಳವಾಗಿ ದುಡ್ಡು ಕೊಡುತ್ತದೆ. ಸುಮ್ಮನೆ ಕೂತು ನಮ್ಮತ್ತ ಬರುವ ಕಲ್ಲುಗಳನ್ನು ಕಾಯುವ ದೂರದರ್ಶಕಕ್ಕೆ ಬಂದಾಗ ಮಾತ್ರ ಕೈ ಬಿಗಿ. ಏನೂ ಬೀಳದೆ ಹೋದರೆ ಚಪ್ಪಾಳೆ ತಟ್ಟುವವರು ಯಾರು? ಇದನ್ನು ಹೆಂಡತಿ ಜಯಮ್ಮನಿಗೆ ಹೇಳಿದರೆ, "ಬಿದ್ರೆ ನಮ್ಮೊಬ್ರ ಮ್ಯಾಲೇನಾ ಬೀಳದು? ಸುಮ್ಕೆ ಉಣ್ಣಿ" ಅನ್ನುತ್ತಾಳೆ.

ಹೀಗಿರುವಾಗ ಕಿರುಗಾವಲಿನ ಒಂದು ಬೀಗರ ಊಟದಲ್ಲಿ ಪುಟ್ಟಸ್ವಾಮಣ್ಣ ನನ್ನ ಪಕ್ಕದ ಎಲೆಗೆ ಬಂದು ಕೂತರು. ಚರಂಡಿಯಿರಲಿ, ಬೀದಿ ದೀಪವಿರಲಿ, ನಮ್ಮ ಕಡೆಯವರು ಹೋಗಿ ಹಿಡಿಯುವುದು ಈ ಮುಖಂಡರನ್ನೇ. ದಿಲ್ಲಿಯವರೆಗೂ ಗುರುತಿದೆಯೆಂದು ಮಾತು. ಇಂಥ ಅವಕಾಶ ಮತ್ತೆಲ್ಲಿ ಸಿಕ್ಕೀತೆಂದು ಮುದ್ದೆ ಮುರಿಯುತ್ತಲೇ ಶುರುಮಾಡಿದೆ.

"ಅಣ್ಣಾ, ಕಲ್ಲಿಂದ ದೊಡ್ಡ ಅಪಾಯ ಇದೆ. ಸರ್ಕಾರ ಗಮನಾನೇ ಕೊಡ್ತಿಲ್ಲ."

ಬಡಿಸುವವರ ಕೂಗಾಟದಲ್ಲಿ ಅವರಿಗೆ ಎಷ್ಟು ಕೇಳಿಸಿತೋ. ಮೂಳೆ ಚೀಪುವುದನ್ನು ನಿಲ್ಲಿಸಿ, "ನಿಮ್ ಮನೆಗಾ ಅಪಾಯ?" ಅಂದರು.

"ಎಲ್ಲರ ಮನೆಗೂ ಅಣ್ಣ. ನಮ್ಮನೆಗೂ."

"ಅಷ್ಟೇ ತಾನೇ? ಯೋಚ್ನೆ ಬುಡಿ ಮೇಷ್ಟ್ರೇ. ನಾಳೆನೇ ಎತ್ತಿಸ್ತೀನಿ."

ಲೋಕಸಭೆಯಲ್ಲೇ ವಿಷಯ ಎತ್ತಿಸುತ್ತಾರೆಂದು ಹಿಗ್ಗಿ, ನಾನು ಇನ್ನೆರಡು ತುಂಡು ಹಾಕಿಸಿಕೊಂಡೆ.

ಮರುದಿನ ಸ್ಕೂಲು ಮುಗಿಸಿ ಬಂದಾಗ ಜಯಮ್ಮ ಗೇಟಿನಲ್ಲೇ ನಿಂತಿದ್ದಳು. ಪಕ್ಕದಲ್ಲಿ ಬಟ್ಟೆ ನೆನೆಸಿದ ಬಕೆಟ್ಟು. ಬೀದಿಗೆ ಒಂದಿಷ್ಟು ಚಾಚಿಕೊಂಡಿದ್ದ ನಮ್ಮ ಒಗೆಯುವ ಕಲ್ಲಿನ ಜಾಗದಲ್ಲಿ ಬರೀ ಗುಂಡಿ. ಮದುವೆಯಾದ ವರ್ಷ ಅವಳ ತವರೂರು ದುದ್ದದಿಂದ ಗಾಡಿಯ ಮೇಲೆ ಬಂದ ಕಲ್ಲು ಅದು.

"ಟ್ಯಾಕ್ಟ್ರು ತಂದು ಎತ್ಕಂಡು ಓದ್ರು. ಬ್ಯಾಡ ಅಂದ್ರೆ, ಮೇಷ್ಟ್ರೇ ಯೋಳವ್ರೆ ಕಣಕ್ಕ ಅಂತಾರೆ. ನಮ್ಮಪ್ಪ ಕೊಟ್ಟ ಕಲ್ಲು ನಿಮ್ಗೇನ್ ಅಪಾಯ ಮಾಡಿತ್ತು?"

ಅವಳ ಕಣ್ಣಲ್ಲಿ ನೀರು ಕಂಡು ನನ್ನ ಜೀವ ಹಾರಿತು. ಕ್ಷುದ್ರಗ್ರಹದಿಂದ ಹಿಡಿದು ಸರ್ಕಾರದ ಆದ್ಯತೆಗಳವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಕೈಯೊಡ್ಡಿ ನನ್ನ ಫೋನು ಇಸಿದುಕೊಂಡು ತಾನೇ ಪುಟ್ಟಸ್ವಾಮಣ್ಣನಿಗೆ ಕರೆ ಮಾಡಿದಳು.

"ಅಣ್ಣಾ, ನಮ್ ತೌರಿನ ಕಲ್ಲು ವಾಪಸ್ ಬೇಕು. ಬಟ್ಟೆ ನೆನ್ಸಿಟ್ಟಿವ್ನಿ."

ಕತ್ತಲಾಗುವ ಮೊದಲೇ ಟ್ರ್ಯಾಕ್ಟರು ವಾಪಸ್ಸು ಬಂತು. ಹಿಂದೆಯೇ ಪುಟ್ಟಸ್ವಾಮಣ್ಣನೂ ಬಂದು, ಖುದ್ದು ನಿಂತು ಕಲ್ಲನ್ನು ಕಾಂಪೌಂಡಿನ ಒಳಗೆ ಸಿಮೆಂಟು ಹಾಕಿಸಿ ಕೂರಿಸಿದರು. ಅದನ್ನು ಇಳಿಸುವಾಗ ಒಂದು ತುದಿಗೆ ಹೆಗಲು ಕೊಟ್ಟ ನನಗೆ ಸೊಂಟ ಹಿಡಿದುಕೊಂಡಿತು.

"ಅಕ್ಕನಂಗೆ ನೆಟ್ಟಗೆ ಕೇಳ್ಬೇಕು ಕಣ್ ಮೇಷ್ಟ್ರೇ," ಅವರು ಕೈ ಒರೆಸಿಕೊಂಡರು. "ಇನ್ನೇನಾರ ಆಗ್ಬೇಕಿತ್ತಾ? ದಿಲ್ಲೀದಾದ್ರೂ ಸರಿ, ಯೋಳಿ."

ನಾನು ಆಕಾಶ ನೋಡಿದೆ. ಜಯಮ್ಮ ನನ್ನನ್ನು ನೋಡಿದಳು.

"ಏನೂ ಇಲ್ಲ ಅಣ್ಣ," ಅಂದೆ, "ಕಾಫಿ ಕುಡ್ಕೊಂಡು ಹೋಗಿ."