ಕಾಂಪೌಂಡ್ ಆಚೆ ವಾಲಗ

ಅಲ್ಲಾ ಸ್ವಾಮಿ, ನಿಮ್ಮ ಗ್ರೌಂಡು, ನಿಮ್ಮ ಜನ, ನಿಮ್ಮ ಗಲಾಟೆ, ಅದಕ್ಕೇ ಗೆದ್ರಿ ಅಂತ ಹೇಳ್ಬಿಟ್ರಲ್ಲ. ಹೇಳೋದು ಸುಲಭ. ಹಾಗಾದ್ರೆ ಅದೇ ಗ್ರೌಂಡಲ್ಲಿ, ಅದೇ ಜನರ ಮುಂದೆ ನಾವು ಸೋತಿದ್ದು ಯಾಕೆ? ಒಂದು ನರಪಿಳ್ಳೆನೂ ಇಲ್ದೇ ಇದ್ದ ದಿನ ಆಗಿದ್ದೇನು? ಗಲಾಟೆಯಿಂದ ಫುಟ್‌ಬಾಲಿಗೆ ಒಳ್ಳೇದಾಗುತ್ತೋ ಕೆಟ್ಟದ್ದಾಗುತ್ತೋ ಅಂತ ಯಾರಾದ್ರೂ ಕೇಳಿದ್ರೆ ನಂಗೆ ಇವತ್ತಿಗೂ ತಲೆ ಗಿರ್ ಅನ್ನುತ್ತೆ. ಈಗ ಗೊತ್ತಾಯ್ತು ಅನ್ನೋಷ್ಟರಲ್ಲಿ ಅದಕ್ಕೆ ಉಲ್ಟಾ ಇನ್ನೊಂದು ಆಗಿರುತ್ತೆ.

ಎಪ್ಪತ್ತನಾಲ್ಕೋ ಎಪ್ಪತ್ತೈದೋ ಇರ್ಬೇಕು. ರಾಜಾಜಿನಗರದ ಕಡೆ ಪಂಪ್‌ಸೆಟ್ ಮಾಡೋ ಒಂದು ಫ್ಯಾಕ್ಟರೀಲಿ ನಾನು ಅಕೌಂಟ್ಸ್ ಸೆಕ್ಷನ್ನಲ್ಲಿದ್ದೆ. ಫ್ಯಾಕ್ಟರಿ ಫುಟ್‌ಬಾಲ್ ಟೀಮಿಗೆ ಮ್ಯಾನೇಜರ್ ಕೂಡ ನಾನೇ. ಚೆಂಡು ದುಂಡಗಿರುತ್ತೆ ಅನ್ನೋದು ಬಿಟ್ರೆ ನಂಗೇನೂ ಗೊತ್ತಿರಲಿಲ್ಲ. ಹಳೇ ಮ್ಯಾನೇಜರ್ ರಿಟೈರ್ ಆದ್ರು, ಇನ್ಮೇಲೆ ಯಾರು ನೋಡ್ಕೋತೀರ ಅಂತ ಮೀಟಿಂಗಲ್ಲಿ ಕೇಳಿದಾಗ, ನಾನು ಕಾಫಿ ಲೋಟ ಇಡೋಕೆ ಅಂತ ಎದ್ದೆ. ಎದ್ದಿದ್ದನ್ನೇ ಒಪ್ಪಿಗೆ ಅಂತ ಬರ್ಕೊಂಡ್ರು.

ನಮ್ಮ ಟೀಮಲ್ಲಿ ಒಬ್ಬ ಗೋಲ್‌ಕೀಪರ್ ಇದ್ದ. ಉದ್ದನೆ ಆಳು, ಮಾತು ಕಮ್ಮಿ. ಆಟಕ್ಕೋಸ್ಕರ ತಗೊಂಡಿದ್ದು, ಕೆಲಸ ಇನ್ನೂ ಟೆಂಪರವರಿ. ಅವನಿಗೆ ಕೆಂಗೇರಿಯಲ್ಲಿ ಒಂದು ಹುಡುಗಿ ಗೊತ್ತಾಗಿತ್ತು. ಹುಡುಗನ ಕೆಲಸ ಪರ್ಮನೆಂಟ್ ಆದ್ರೆ ಮದುವೆ, ಇಲ್ದಿದ್ರೆ ನಮ್ಮ ದಾರಿ ನಮಗೆ, ನಿಮ್ಮ ದಾರಿ ನಿಮಗೆ ಅಂತ ಹುಡುಗಿ ಅಪ್ಪ ಹೇಳಿಬಿಟ್ಟಿದ್ರು. ಇತ್ತ ನಮ್ಮ ಪರ್ಸನೆಲ್ ಆಫೀಸರ್ರು, ಈ ವರ್ಷ ಟೀಮು ಲೀಗಿನ ಬಿ ಡಿವಿಷನ್ನಲ್ಲೇ ಉಳಿದ್ರೆ ಅವನನ್ನ ಪರ್ಮನೆಂಟ್ ಮಾಡ್ತೀವಿ, ಕೆಳಗೆ ಬಿದ್ರೆ ಟೀಮೂ ಬಂದ್, ಹುಡುಗನೂ ಮನೆಗೆ ಅಂದಿದ್ರು. ಒಟ್ನಲ್ಲಿ ಒಂದು ಮದುವೆ ಹನ್ನೊಂದು ಜನರ ಕಾಲ ಮೇಲೆ ನಿಂತಿತ್ತು. ಆ ಕಾಲುಗಳನ್ನ ನಾನು ನೋಡಿದ್ದೆ. ಅದಕ್ಕೇ ಭಯ.

ಸೈರನ್ನು

ನಮ್ಮ ಗ್ರೌಂಡು ಫ್ಯಾಕ್ಟರಿಗೆ ಅಂಟಿಕೊಂಡೇ ಇತ್ತು. ಮ್ಯಾಚ್ ಶುರುವಾಗಿ ಅರ್ಧ ಗಂಟೆಗೆ ಶಿಫ್ಟ್ ಬಿಡೋ ಸೈರನ್ ಆಗೋದು. ಅಲ್ಲಿವರೆಗೂ ನಮ್ಮೋರು ಸಂಜೆ ವಾಕಿಂಗ್ ಬಂದವರ ಥರ ಓಡಾಡ್ಕೊಂಡಿರೋರು. ಸೈರನ್ ಆಯ್ತು ಅಂದ್ರೆ ಗೇಟ್ ತೆಗೆದು, ಫೌಂಡ್ರಿಯೋರು, ಮಷಿನ್ ಶಾಪ್‌ನೋರು ಎಲ್ಲಾ ಬಂದು ಗೆರೆ ಪಕ್ಕ ನಿಂತು ಕೂಗೋಕೆ ಶುರು ಮಾಡೋರು. ಆಗ ನಮ್ಮ ಟೀಮಿಗೆ ಮೈಮೇಲೆ ಬಂದ ಹಾಗಾಗೋದು.

ಬೇರೆ ಟೀಮಿನೋರಿಗೆ ಈ ಸೈರನ್ ಪರಿಚಯ ಇರಲಿಲ್ಲ. ಒಂದು ಸಲ ಬಂದಿದ್ದೋರು ಹಾಫ್‌ಟೈಮ್ ಆಯ್ತು ಅಂತ ಶರ್ಟ್ ಬಿಚ್ಚಿಕೊಂಡು ಪಾನಕದ ಬಕೆಟ್ ಕಡೆ ಹೋಗಿಬಿಟ್ರು. ನಮ್ಮೋರು ಖಾಲಿ ಗೋಲಿಗೆ ಚೆಂಡು ಹಾಕಿ ಬಂದ್ರು. ರೆಫರಿ ಗೋಲ್ ಕೊಟ್ರು. ಪಾನಕ ಕುಡೀತಿದ್ದೋರು, ಸೈರನ್ ಆಯ್ತಲ್ಲ ಸಾರ್ ಅಂದ್ರು. ನಾನು ಊದಿದ್ನಾ ಅಂತ ರೆಫರಿ ಕೇಳಿದ್ರು. ಅವರ ಕೈಯಲ್ಲೂ ಒಂದು ಲೋಟ ಇತ್ತು ಅನ್ನೋದು ಬೇರೆ ವಿಷಯ.

ಇದೇ ನಮ್ಮ ಶಕ್ತಿ ಅಂತ ನಾನು ಮೇಲಿನೋರಿಗೆಲ್ಲಾ ಹೇಳ್ಕೊಂಡು ಬಂದೆ. ಮುಂದಿನ ವಾರ ಕರೆಂಟ್ ಹೋಯ್ತು. ಸೈರನ್ ಆಗಲಿಲ್ಲ. ಸೈರನ್ ಆಗದೇ ಗೇಟ್ ತೆಗೆಯೋ ಹಾಗಿಲ್ಲ ಅಂತ ವಾಚ್‌ಮನ್ ಗಟ್ಟಿಯಾಗಿ ನಿಂತ. ಜನ ಒಳಗೆ, ನಮ್ಮ ಟೀಮು ಹೊರಗೆ, ಎಲ್ಲರೂ ಸೈರನ್ನಿಗೆ ಕಾಯ್ತಾ ಕೂತ್ರು. ಎದುರಿನೋರು ಮೂರು ಗೋಲ್ ಹಾಕಿ, ಕೈ ಕುಲುಕಿ, ಬಸ್ ಹತ್ತಿದ್ರು. ನಮ್ಮ ಕ್ಯಾಪ್ಟನ್ ನನ್ನ ಹತ್ರ ಬಂದು ನಿಜವಾಗ್ಲೂ ಅರ್ಥ ಆಗದೇ ಕೇಳಿದ: "ಸಾರ್, ಸೈರನ್ನೇ ಆಗಿಲ್ಲ. ಮ್ಯಾಚ್ ಹೇಗ್ ಮುಗೀತು?"

ನಮ್ಮ ಜನ

ಜನ ಇದ್ರೆ ಸಾಕು ಅಂದ್ಕೊಂಡೆ. ಅದೂ ತಪ್ಪು. ಇನ್ನೊಂದು ಮ್ಯಾಚಲ್ಲಿ ಎದುರು ಟೀಮಿನ ಒಬ್ಬ ಆಟಗಾರ ಎಡಗಡೆಯಿಂದ ಚೆಂಡು ತಗೊಂಡು ನುಗ್ಗಿದಾಗಲೆಲ್ಲಾ ನಮ್ಮ ಜನವೇ ಹೋ ಅಂತ ಚಪ್ಪಾಳೆ ತಟ್ತಾರೆ. ನಮ್ಮೋರಿಗೆ ಗಾಬರಿ. ಗೋಲ್ ಮುಂದೆ ಕಾಯೋ ನಮ್ಮ ಬ್ಯಾಕು ಆಟ ಆಡ್ತಾ ಆಡ್ತಾನೇ ತನ್ನ ಜರ್ಸಿ ಬಣ್ಣ ಒಂದ್ಸಲ ನೋಡ್ಕೊಂಡ.

ವಿಚಾರಿಸಿದ್ರೆ ಆ ಎದುರು ಟೀಮಿನೋನು ಗೋವಿಂದರಾಜನಗರದೋನು. ನಮ್ಮ ಶಿಫ್ಟಲ್ಲಿ ಅರ್ಧ ಜನ ಅದೇ ಬೀದಿಯೋರು. ಎಲ್ಲರಿಗಿಂತ ಜಾಸ್ತಿ ಕೂಗ್ತಿದ್ದೋರು ನಮ್ಮ ಸ್ಟೋರ್ಸ್ ಯಜಮಾನ್ರು. ನಮ್ಮ ಬ್ಯಾಕ್ ಒಂದ್ಸಲ ಅವನ ಕಾಲಿಗೆ ಅಡ್ಡ ಹೋಗಿದ್ದೇ ತಡ, ಸ್ಟೋರ್ಸ್ ಯಜಮಾನ್ರು ಗೆರೆ ದಾಟಿ ಒಳಗೇ ಬಂದ್ರು. ಏನ್ ಸ್ವಾಮಿ, ನೀವು ಯಾರ ಕಡೆ ಅಂತ ಕೇಳಿದೆ.

"ನಾನು ಫ್ಯಾಕ್ಟರಿ ಕಡೇನೇ ಸಾರ್. ಆದ್ರೆ ಅವನು ನಮ್ಮ ವಠಾರದೋನು. ಅವನ ಕಾಲು ಮುರಿದ್ರೆ ಬೆಳಗಿನ ಜಾವ ಬೀದಿ ನಲ್ಲೀಲಿ ನಮ್ಮನೆಗೆ ನೀರು ಹಿಡಿಯೋರ್ಯಾರು?"

ಒಂದು ಕಾಲಿನ ಚಪ್ಪಲಿ

ಹೀಗೇ ಒಂದು ಗೆದ್ದು ಒಂದು ಸೋತು ತೇಲ್ತಾ ಮುಳುಗ್ತಾ ಇದ್ವಿ. ಕೊನೇ ಮ್ಯಾಚಿಗೆ ಮುಂಚಿನ ಮ್ಯಾಚಲ್ಲಿ ರೆಫರಿ ನಮ್ಮ ಒಂದು ಗೋಲ್ ಒಪ್ಪಲಿಲ್ಲ. ಜನ ರೊಚ್ಚಿಗೆದ್ದು ಚಪ್ಪಲಿ ಎಸೆದ್ರು. ಒಂದೂ ಅವರಿಗೆ ತಗಲಲಿಲ್ಲ. ತೊಂದರೆ ಆಗಿದ್ದು ಆಮೇಲೆ. ಎಸೆಯೋರು ಯಾವತ್ತೂ ಒಂದೇ ಕಾಲಿಂದು ಎಸೀತಾರೆ. ಇನ್ನೊಂದನ್ನ ಹಾಕ್ಕೊಂಡು ಮನೆಗೆ ಹೇಗ್ ಹೋಗೋದು? ಆಟ ನಿಲ್ಲಿಸಿ ಫೌಂಡ್ರಿ ಸೆಕ್ಷನ್ ಪೂರ್ತಿ ಗ್ರೌಂಡೊಳಗೆ ಬಂದು ತಲೆ ಬಗ್ಗಿಸಿ ಹುಡುಕೋಕೆ ಶುರು ಮಾಡ್ತು. ದೂರದಿಂದ ನೋಡಿದ್ರೆ ಕಳೆ ಕೀಳ್ತಾ ಇದಾರೆ ಅನ್ನಬೇಕು.

ರೆಫರಿ ಒಂದು ಚಪ್ಪಲಿನ ಸಾಕ್ಷಿಗೆ ಅಂತ ಎತ್ತಿಟ್ಕೊಂಡ್ರು. ಅದರ ಯಜಮಾನ ಕುಂಟ್ಕೊಂಡು ಅವರ ಹಿಂದೆ ಗೇಟಿನವರೆಗೂ ಹೋದ. ನಾನು ಎಸೆದಿಲ್ಲ ಅಂತ ಅವನು ಹೇಳಲಿಲ್ಲ. "ಸಾರ್, ಅದು ನಂದಲ್ಲ, ನಮ್ಮ ಭಾವಂದು," ಅಂದ. "ಇವತ್ತೊಂದಿನ ಹಾಕ್ಕೊಂಡ್ ಬಂದಿದ್ದೆ."

ಲೀಗಿನೋರು ತೀರ್ಮಾನ ಕೊಟ್ರು. ಕೊನೇ ಮ್ಯಾಚ್ ನಮ್ಮ ಗ್ರೌಂಡಲ್ಲೇ, ಆದ್ರೆ ಕಾಂಪೌಂಡ್ ಒಳಗೆ ಒಬ್ಬ ಪ್ರೇಕ್ಷಕನೂ ಇರಕೂಡದು. ಆ ಮ್ಯಾಚ್ ಸಮ ಆದ್ರೂ ನಾವು ಉಳೀತೀವಿ, ಸೋತ್ರೆ ಹೋದ್ವಿ. ಗೋಲ್‌ಕೀಪರ್ ನನ್ನ ಟೇಬಲ್ ಹತ್ರ ಬಂದ. ಏನಪ್ಪಾ ಅಂದೆ. ಹುಡುಗಿ ಮನೆಯೋರು ಛತ್ರ ನೋಡಿ ಬಂದಿದಾರಂತೆ ಸಾರ್ ಅಂದು ಹೋದ.

ನಿಶ್ಶಬ್ದ

ಅಭ್ಯಾಸ ಆಗ್ಲಿ ಅಂತ ರಜಾ ದಿನ ಖಾಲಿ ಗ್ರೌಂಡಲ್ಲಿ ನಮ್ಮೋರನ್ನೇ ಎರಡು ಪಾಲು ಮಾಡಿ ಆಡಿಸಿದೆ. ಸ್ಮಶಾನ ಮೌನ. ಆಗ ಬಂತು ನೋಡಿ ಹೊಸ ಸಮಸ್ಯೆ. ನಮ್ಮ ಕ್ಯಾಪ್ಟನ್ ಆಟದ ಉದ್ದಕ್ಕೂ ಏನೋ ಹೇಳ್ತಿರೋನು. ಗಲಾಟೇಲಿ ಯಾರಿಗೂ ಕೇಳಿಸ್ತಿರಲಿಲ್ಲ. ಹುರಿದುಂಬಿಸ್ತಾ ಇದಾನೆ ಅಂತ ಎಲ್ಲರೂ ತಿಳ್ಕೊಂಡಿದ್ರು. ಆವತ್ತು ಮೊದಲನೇ ಸಲ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸ್ತು. ಅವನು ಒಬ್ಬೊಬ್ಬರ ಮನೆತನವನ್ನೂ ವಿಚಾರಿಸ್ಕೊಳ್ತಿದ್ದ. ಅರ್ಧ ಗಂಟೇಲಿ ಟೀಮಲ್ಲಿ ಒಬ್ಬರಿಗೊಬ್ಬರು ಮಾತು ಬಿಟ್ರು. ನಮ್ಮ ಬ್ಯಾಕಂತೂ ಕಣ್ಣೀರೇ ಹಾಕಿದ.

"ಎರಡು ವರ್ಷದಿಂದ ಇವನು ಹೇಳಿದ್ದಕ್ಕೆಲ್ಲಾ ನಾನು ಥ್ಯಾಂಕ್ಸ್ ಅಂತ ಕೈ ಎತ್ತಿದೀನಿ ಸಾರ್."

ಗಟ್ಟಿಮೇಳ

ನಂಗೆ ಒಂದು ವಿಷಯ ಖಾತ್ರಿ ಆಯ್ತು. ಸದ್ದಿಲ್ಲದೇ ಇವರು ಆಡಲ್ಲ. ಲೀಗಿನೋರು ಬೇಡ ಅಂದಿದ್ದು ಕಾಂಪೌಂಡ್ ಒಳಗೆ ಜನ ಬೇಡ ಅಂತ. ಕಾಂಪೌಂಡ್ ಹೊರಗೆ ವಾಲಗ ಬೇಡ ಅಂತ ಹೇಳಿರಲಿಲ್ಲ. ಮಾಗಡಿ ರೋಡ್ ಕಡೆಯಿಂದ ಮದುವೆಗೆ ಊದೋ ವಾಲಗದೋರನ್ನ ಕರೆಸಿ ಗೋಡೆ ಆಚೆ ಜಮಖಾನ ಹಾಸಿ ಕೂರಿಸಿದೆ. ಅವರಿಗೆ ಆಟ ಕಾಣಲ್ಲ. ಯಾವಾಗ ಜೋರಾಗಿ ಬಾರಿಸಬೇಕು ಅಂತ ಗೊತ್ತಾಗೋದು ಹೇಗೆ? ಡೋಲಿನ ಯಜಮಾನ್ರು, ಅದಕ್ಯಾಕೆ ಯೋಚನೆ ಸಾರ್, ಮಂಟಪದಲ್ಲಿ ಮಾಡೋ ಹಾಗೆ ಯಾರಾದ್ರೂ ಕೈ ಎತ್ತಲಿ, ನಾವು ಗಟ್ಟಿಮೇಳ ಹೊಡೀತೀವಿ ಅಂದ್ರು. ಸರಿ, ನಮ್ಮ ಆಫೀಸಿನ ಅಟೆಂಡರನ್ನ ನೀರಿನ ಟ್ಯಾಂಕ್ ಏಣಿ ಮೇಲೆ ನಿಲ್ಲಿಸಿದೆ. ರೆಫರಿ ಕೇಳಿದ್ರೆ ಟ್ಯಾಂಕಲ್ಲಿ ನೀರೆಷ್ಟಿದೆ ನೋಡ್ತಿದೀನಿ ಅನ್ನಬೇಕು. ನಮ್ಮೋರು ಗೋಲ್ ಹತ್ರ ಹೋದ್ರೆ ಮಾತ್ರ ಕೈ ಎತ್ತಬೇಕು.

ಮ್ಯಾಚ್ ಹೊತ್ತಿಗೆ ಹುಡುಗಿ ಅಪ್ಪನೂ ಕೆಂಗೇರಿಯಿಂದ ಬಂದ್ರು. ಒಳಗೆ ಬಿಡೋ ಹಾಗಿಲ್ವಲ್ಲ, ವಾಲಗದೋರ ಪಕ್ಕ ಜಮಖಾನದ ಮೇಲೆ ಕೂತ್ಕೊಂಡು ಕಡ್ಲೆಕಾಯಿ ಸುಲೀತಾ ಇದ್ರು.

ಇಡೀ ಆಟದಲ್ಲಿ ಅಟೆಂಡರ್ ಕೈ ಎತ್ತಲೇ ಇಲ್ಲ. ತಪ್ಪು ಅವನದಲ್ಲ. ನಮ್ಮೋರು ಗೋಲ್ ಹತ್ರ ಹೋಗಲೇ ಇಲ್ಲ. ಎದುರಿನೋರೂ ಗೋಲ್ ಹೊಡೀಲಿಲ್ಲ. ಇನ್ನೇನು ಸಮ ಆಗಿ ಮುಗೀತು ಅನ್ನೋವಾಗ ನಮ್ಮ ಬ್ಯಾಕ್ ಗೋಲ್ ಮುಂದೆ ಒಬ್ಬನ ಶರ್ಟ್ ಎಳೆದ. ಯಾವಾಗಲೂ ಎಳೆಯೋನೇ. ಆದ್ರೆ ಯಾವಾಗಲೂ ನಮ್ಮ ಜನ ಬಾಯಿ ಮಾಡಿ ರೆಫರಿಗೆ ಅದು ಕಾಣದ ಹಾಗೆ ಮಾಡೋರು. ಆವತ್ತು ಯಾರೂ ಇಲ್ಲ. ರೆಫರಿ ಪೆನಾಲ್ಟಿ ಊದಿದ್ರು. ಊದಿ, ಬೈಗುಳ ಬರುತ್ತೆ ಅಂತ ತಲೆ ಬಗ್ಗಿಸಿ ಒಂದು ಗಳಿಗೆ ಕಾದ್ರು. ಬರಲಿಲ್ಲ. ಅವರಿಗೇ ಏನೋ ಕಳ್ಕೊಂಡ ಹಾಗಾಯ್ತು ಅಂತ ಕಾಣುತ್ತೆ, ಸುತ್ತ ನೋಡಿದ್ರು.

ಮದುವೆ ಈಗ ಒಂದೇ ಒಂದು ಒದೆ ದೂರದಲ್ಲಿತ್ತು. ಗೋಲ್‌ಕೀಪರ್ ಕಂಬಗಳ ಮಧ್ಯೆ ನಿಂತಿದ್ದ. ಎದುರಿನೋನು ಓಡಿ ಬಂದ. ಏಣಿ ಮೇಲಿದ್ದ ನಮ್ಮ ಅಟೆಂಡರ್, ದೈವಭಕ್ತ, ಇನ್ನು ನೋಡೋಕಾಗಲ್ಲ ಅಂತ ಕಣ್ಮುಚ್ಚಿ, ಅಪ್ಪಾ ನೀನೇ ಕಾಪಾಡು ಅಂತ ಎರಡೂ ಕೈ ಎತ್ತಿ ತಲೆ ಮೇಲೆ ಜೋಡಿಸಿಬಿಟ್ಟ.

ಗಟ್ಟಿಮೇಳ.

ಅಷ್ಟು ಹೊತ್ತು ಸುಮ್ಮನೆ ಕೂತು ಬೇಜಾರಾಗಿದ್ದೋರು ಹೊಡೆದ್ರು ನೋಡಿ, ಗೋಡೆ ಅದುರಿತು. ಆಮೇಲೆ ಆಗಿದ್ದು ಯಾರೂ ಯೋಚನೆ ಮಾಡಿ ಮಾಡಿದ್ದಲ್ಲ. ಚಿಕ್ಕಂದಿನಿಂದ ಮದುವೆ ಊಟ ಉಂಡ ಮೈ, ಅದರ ಪಾಡಿಗೆ ಅದು ಕೆಲಸ ಮಾಡ್ತು. ಹುಡುಗಿ ಅಪ್ಪ ಎದ್ದು ನಿಂತು ಕೈಯಲ್ಲಿದ್ದ ಕಡ್ಲೆಕಾಯನ್ನ ಅಕ್ಷತೆ ಥರ ಗೋಡೆ ಮೇಲಿಂದ ಒಳಗೆ ಎಸೆದ್ರು. ರೆಫರಿ ತಲೆ ಮೇಲಿನ ಟೋಪಿ ತೆಗೆದ್ರು. ಓಡಿ ಬರ್ತಿದ್ದೋನು, ಯಾರ ಮದುವೆ ಅಂತ ಕತ್ತು ತಿರುಗಿಸಿ ನೋಡ್ತಾ ನೋಡ್ತಾನೇ ಒದ್ದ. ಚೆಂಡಿಗೆ ಜೋರೇ ಇಲ್ಲ, ನಿಧಾನಕ್ಕೆ ಮೇಲೆದ್ದು ಬಂತು.

ನಮ್ಮ ಗೋಲ್‌ಕೀಪರ್ ಚೆಂಡಿನ ಕಡೆ ನೋಡ್ಲೇ ಇಲ್ಲ. ಆರು ತಿಂಗಳಿಂದ ಅವನ ತಲೇಲಿ ಇದ್ದಿದ್ದು ಒಂದೇ. ಗಟ್ಟಿಮೇಳ ಕೇಳಿದ ತಕ್ಷಣ ಎರಡೂ ಕೈ ಮುಂದೆ ಚಾಚಿ, ಎದುರಿಗೆ ಯಾರೋ ನಿಂತಿದಾರೆ ಅನ್ನೋ ಹಾಗೆ, ಕತ್ತಿನ ಎತ್ತರಕ್ಕೆ ತಾಳಿ ಕಟ್ಟೋಕೆ ಹೋದ. ಚೆಂಡು ಸರಿಯಾಗಿ ಅಲ್ಲಿಗೇ ಬಂದು ಆ ಎರಡು ಕೈ ಮಧ್ಯೆ ಕೂತ್ಕೊಳ್ತು. ಅವನು ಹಿಂದುಗಡೆ ಗಂಟು ಹಾಕೋಕೆ ಬೆರಳು ಆಡಿಸ್ತಾ ಇದ್ದ. ಮ್ಯಾಚ್ ಮುಗೀತು ಅಂತ ರೆಫರಿ ಎರಡು ಸಲ ಊದಬೇಕಾಯ್ತು.

ಪರ್ಮನೆಂಟ್ ಆರ್ಡರ್ ಬಂತು. ಮದುವೆಗೆ ಅದೇ ವಾಲಗದೋರು.

ಆವತ್ತು ಸಂಜೆ ಮನೆಗೆ ಬಂದು ನಮ್ಮ ಮನೆಯೋಳಿಗೆ ಎಲ್ಲಾ ಹೇಳಿದೆ. ನಾವು ಉಳಿದಿದ್ದು ಸದ್ದಿನಿಂದನೋ, ಪೆನಾಲ್ಟಿ ಬಂದಿದ್ದು ನಿಶ್ಶಬ್ದದಿಂದನೋ, ಆ ಹುಡುಗ ಚೆಂಡು ಹಿಡಿದ್ನೋ, ಚೆಂಡೇ ಬಂತೋ, ನಂಗೊಂದೂ ಅರ್ಥ ಆಗ್ತಿಲ್ಲ ಕಣೇ ಅಂದೆ. ಅವಳು ಒಲೆ ಮೇಲಿನ ಸಾರು ತಿರುಗಿಸ್ತಾನೇ ಅಂದ್ಲು:

"ಅದರಲ್ಲಿ ಅರ್ಥ ಮಾಡ್ಕೊಳೋಕೇನಿದೆ? ನಮ್ಮ ಮದುವೇಲಿ ಗಟ್ಟಿಮೇಳ ಆದಾಗ ನೀವೂ ಎತ್ಲಾಗೋ ನೋಡ್ತಾ ಕೈ ಚಾಚಿದ್ರಿ. ನಾನೇ ಕತ್ತು ತಂದು ಮಧ್ಯೆ ಇಟ್ಟೆ. ಇಲ್ದಿದ್ರೆ ಅದೂ ಔಟೇ."