ಒಂಟಿಗಣ್ಣಿನ ಛತ್ರಿಯವರ ದಿವ್ಯ ಸನ್ನಿಧಾನಕ್ಕೆ

ಮಾನ್ಯರೇ, ಏಕಪಾದ ಏಕನೇತ್ರ ಛತ್ರಿ ಮಹಾರಾಜರೇ,

ಈ ಪರದೇಶದ ಬುಕಿತ್ ಬಾಟೋಕ್ ಬಡಾವಣೆಯ ಹನ್ನೊಂದನೇ ಮಹಡಿಯಲ್ಲಿ, ಬಾಗಿಲ ಮೂಲೆಗೊರಗಿ ಚಪ್ಪಲಿಗಳ ರಾಜಸಭೆ ನಡೆಸುತ್ತಿರುವ ತಮಗೆ, ತಮ್ಮನ್ನು ಹೊತ್ತು ತಿರುಗುವ ತಿಪ್ಪಣ್ಣನು ಮೂರನೇ ಬೆಲ್ಲು ಬಾರಿಸಿ, ಪರದೆ ಸರಿಸಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ತಾವು ನಮ್ಮಜ್ಜನ ನಾಟಕ ಕಂಪನಿಯಲ್ಲಿ ಜರಿ ಹೊದ್ದು ಎಷ್ಟೋ ಚಕ್ರವರ್ತಿಗಳಿಗೆ ನೆರಳಾದವರು, ಹಿಡಿಯ ಮೇಲೆ ೧೯೨೬ ಎಂದು ಕೆತ್ತಿಸಿಕೊಂಡವರು. ಆ ಗೌರವಕ್ಕೇ ಅಲ್ಲವೇ, ಕಳೆದ ಆಯುಧಪೂಜೆಯಲ್ಲಿ ಮಿಕ್ಸರ್, ಲ್ಯಾಪ್‌ಟಾಪುಗಳ ಜೊತೆ ತಮಗೂ ದೊಡ್ಡದೊಂದು ಕುಂಕುಮದ ಬೊಟ್ಟಿಟ್ಟು ಕೆಂಪು ರಿಬ್ಬನ್ ಇಳಿಬಿಟ್ಟದ್ದು? ಅದನ್ನು ಕಂಡ ಪಕ್ಕದ ಮನೆಯ ಜಪಾನಿನ ಸಾತೋ ಆಂಟಿ ಲಿಫ್ಟಿನ ಮುಂದೆಯೇ ನಿಂತುಬಿಟ್ಟರು. ಅವರ ಕಡೆಯ ಕಥೆಗಳಲ್ಲಿ ನೂರು ತುಂಬಿದ ಮನೆಸಾಮಾನಿಗೆ ಜೀವ ಬರುತ್ತದಂತೆ, ಛತ್ರಿಯಾದರೆ ಒಂದು ಕಣ್ಣು, ಒಂದು ಕಾಲು, ಉದ್ದ ನಾಲಿಗೆಯ ಭೂತವಾಗಿ ಕುಣಿಯುತ್ತದಂತೆ, ಅದಕ್ಕೇ ಜಾಣರು ತೊಂಬತ್ತೊಂಬತ್ತಕ್ಕೇ ಹೊರಗೆಸೆಯುತ್ತಿದ್ದರಂತೆ. ಕಾಲು ತಮಗೆ ಮೊದಲೇ ಇತ್ತು. ಕಣ್ಣು, ನಾಲಿಗೆ ನಾನು ದಯಪಾಲಿಸಿದ್ದೆ.

ಅಂದಿನಿಂದ ತಮ್ಮ ಅಭಿನಯಕ್ಕೆ ಎಣೆಯಿಲ್ಲ. ಬೂನ್ ಲೇ ನಿಲ್ದಾಣದ ಹೊರಗಿನ ಜಡಿಮಳೆಯಲ್ಲಿ ನಾನೆಷ್ಟು ನೂಕಿದರೂ ಮೌನವ್ರತ. ಎಂಆರ್‌ಟಿ ರೈಲಿನೊಳಗೆ ಕಾಲಿಟ್ಟೊಡನೆ ಧಡಾರನೆ ಬಿಚ್ಚಿಕೊಂಡು ರಂಗಪ್ರವೇಶ! ಮೊಮ್ಮಗಳು ಗಾರ್ಗಿ, “ಅಜ್ಜಾ, ಇದು ಹಾಂಟೆಡ್ ಲಾ” ಎಂದು ಈ ಊರಿನ ಇಂಗ್ಲಿಷಿನಲ್ಲಿ ಭೂತದ ತೀರ್ಪಿತ್ತಳು. ನನ್ನ ಧರ್ಮಪತ್ನಿ ಗಿರಿಜಾಬಾಯಿ ಶನಿವಾರದ ಗಡುವು ಕೊಟ್ಟಳು: “ನೂರು ತುಂಬೂದ್ರೊಳಗ ಇದು ಹೊರಗ ಹೋಗಬೇಕ್ರಿ. ಮನ್ಯಾಗ ಮಾತು ಕೇಳದವ್ರು ಒಬ್ಬರು ಸಾಕು.”

ಆಗ ನಾನು ತಮ್ಮೆದುರು ಮಂಡಿಯೂರಿ ಬೇಡಿದ್ದೇನು? ಒಂದೇ ಒಮ್ಮೆ, ಅವಳ ಕಣ್ಣೆದುರು, ನಾನು ಹೇಳಿದಾಗ ಬಿಚ್ಚಿಕೊಳ್ಳಿ, ಹೇಳಿದಾಗ ಮಡಚಿಕೊಳ್ಳಿ. ಅಜ್ಜನ ಅಂಗೈ ಬೆವರು ಹೀರಿದ ವಸ್ತು ನನ್ನ ಬಳಿ ಇನ್ನೊಂದಿಲ್ಲ. ತಾವು ಇದ್ದೊಂದು ಕಣ್ಣನ್ನೂ ಮಿಟುಕಿಸಲಿಲ್ಲ.

ಶನಿವಾರ ಅವಳೇ ತಮ್ಮನ್ನು ಹಿಡಿದು ಕಟ್ಟಡದ ಬುಡದ ಖಾಲಿ ಹಜಾರವಾದ ವಾಯ್ಡ್ ಡೆಕ್ ದಾಟಿ ಕಸದ ತೊಟ್ಟಿಯತ್ತ ನಡೆದಳು. ತಡೆಯಲೆಂದು ನಾನು ಹಿಂದೆ ಓಡಿದೆ. ಮಳೆ ಸುರಿಯಿತು. ಅವಳ ಒಂದು ಬೆರಳು ಸೋಕಿದ್ದೇ ತಡ, ತಾವು ತಾವರೆಯಂತೆ ಅರಳಿದಿರಿ! “ನನ್ನ ಮಾತು ಕೇಳ್ತದ. ಇರ್ಲಿ ಬಿಡ್ರಿ,” ಎಂದವಳು ತಮ್ಮ ನೆರಳಲ್ಲಿ ಒಂದು ಹನಿಯೂ ಸೋಕದೆ ಮನೆಗೆ ಬಂದಳು.

ತಾವು ಉಳಿದಿರಿ; ನನಗೆ ಸಂತೋಷವೇ. ಆದರೆ ಕಂಪನಿಯ ಆ ಅಜ್ಜ ಯಾರಿಗೆ ಅಜ್ಜ, ಸ್ವಾಮೀ, ನನಗೋ ಅವಳಿಗೋ? ನೂರು ತುಂಬಿ ಬಾಯಿ ಬಂದ ದಿನ ಅದೊಂದನ್ನು ಆ ಉದ್ದ ನಾಲಿಗೆಯಿಂದ ತುಂಬಿದ ಸಭೆಯಲ್ಲಿ ಸಾರಬೇಕೆಂದು ಪ್ರಾರ್ಥನೆ.

ತೊಯ್ದು ತೊಪ್ಪೆಯಾದರೂ ತಮ್ಮ ವಿಶ್ವಾಸಿಯೇ ಆದ,
ತಿಪ್ಪಣ್ಣ

ಮರೆತ ಮಾತು: ಬರುವ ಆಯುಧಪೂಜೆಗೆ ಆ ದೊಡ್ಡ ಬೊಟ್ಟನ್ನು ನನ್ನ ಹಣೆಗೇ ಇಡುವುದೆಂದು ಗಿರಿಜಾಬಾಯಿ ತೀರ್ಮಾನಿಸಿದ್ದಾಳೆ, ಮೂಲೆಗೊರಗಿದ ಹಳೆಯ ಸಾಮಾನು ಅದರಿಂದಲಾದರೂ ಕೆಲಸ ಶುರುಮಾಡುತ್ತದೋ ನೋಡಬೇಕಂತೆ.