ಒಂದು ಕಾರ್ಡು, ಮೂರು ಕೆಲಸ, ಒಂದು ಸಂಬಂಧ

ಕಂಪ್ಯೂಟರ್ ರಿಪೇರಿ ಮಾಡುವವನ ಬಾಳಿನಲ್ಲಿ ಫಜೀತಿಗಳು ಆಗುತ್ತಲೇ ಇರುತ್ತವೆ. ಮಷೀನು ಒಂದು ಸಲ ಕೆಟ್ಟರೆ ಅವನ ಮರ್ಯಾದೆ ಎರಡು ಸಲ ಕೆಡುತ್ತದೆ. ನನ್ನ ಪಾಲಿಗೆ ಅವೆಲ್ಲ ಒಂದೇ ತಿಂಗಳಲ್ಲಿ ಆದವು, ಅದೂ ನನಗೆ ಹೆಣ್ಣು ನೋಡುತ್ತಿದ್ದ ತಿಂಗಳಲ್ಲಿ.

ಎರಡು ಸಾವಿರದ ಇಸವಿಯ ಆಸುಪಾಸು. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನನ್ನದೊಂದು ಸಣ್ಣ ಅಂಗಡಿ. ವಯಸ್ಸು ಮೂವತ್ತೊಂದು. ಹೆಣ್ಣಿನ ಕಡೆಯವರು "ಹುಡುಗ ಏನ್ ಮಾಡ್ತಾನ್ರಿ?" ಎಂದು ಕೇಳುವುದು, "ಕಂಪ್ಯೂಟರ್ ರಿಪೇರಿ" ಎಂದು ಅವ್ವ ಹೇಳುವುದು, "ಅದು ಇರ್ಲಿ, ನೌಕರಿ ಏನ್ರಿ?" ಎಂದು ಅವರು ಮತ್ತೆ ಕೇಳುವುದು. ಹೀಗೇ ಎರಡು ವರ್ಷ ಕಳೆದಿತ್ತು. ಕಡೆಗೆ ನಮ್ಮ ಓಣಿಯ ವಕೀಲರು ಧಾರವಾಡದ ಒಂದು ಸಂಬಂಧ ತಂದರು. ಹೆಣ್ಣಿನ ತಂದೆ ಹೈಸ್ಕೂಲಿನ ಹೆಡ್‌ಮಾಸ್ತರರು. ಹೋಗಿ ನೋಡಿಯೂ ಬಂದಿದ್ದೆವು. ತಲೆ ತಗ್ಗಿಸಿ ಅವಲಕ್ಕಿ ತಿಂದವನು ನಾನು. ಹುಡುಗಿ ನನ್ನನ್ನು ನೆಟ್ಟಗೆ ನೋಡುತ್ತಿದ್ದಳು.

ಅದೇ ಹೊತ್ತಿಗೆ ಒಂದು ಹೊಸ ಮೋಡೆಮ್ ಕಾರ್ಡು ಬಂತು. ಕಂಪ್ಯೂಟರಿನೊಳಗೆ ಕೂರಿಸಿ ಟೆಲಿಫೋನ್ ತಂತಿ ಚುಚ್ಚಿದರೆ ಇಂಟರ್ನೆಟ್ಟೂ ಆಯಿತು, ಫ್ಯಾಕ್ಸೂ ಆಯಿತು, ನಾವಿಲ್ಲದಾಗ ಫೋನ್ ಎತ್ತಿ ಮಾತು ರೆಕಾರ್ಡ್ ಮಾಡಿಕೊಳ್ಳುವುದೂ ಆಯಿತು. ಹಳೆಯ ಮೋಡೆಮ್ಮು ಇಟ್ಟಿಗೆಯಷ್ಟು ದಪ್ಪ, ಇದು ಅಂಗೈಯಷ್ಟು ತೆಳ್ಳಗೆ. ಇಷ್ಟು ಹಗುರ ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ.

೧. ವಕೀಲರ ಮನೆಯ ಹಾಡು

ಮೊದಲ ಕಾರ್ಡು ವಕೀಲರ ಮನೆಗೇ ಕೂರಿಸಿದೆ. ಸಂಬಂಧ ತಂದವರಲ್ಲವೇ! ಮರುದಿನವೇ ಫೋನು.

"ಏನೋ ತಮ್ಮಾ, ಒಂದ್ ಹಾಡು ಹಚ್ಚಿದ್ರ ಸಾಕು, ಇಂಟರ್ನೆಟ್ ಕಟ್ ಆಗ್ತೈತಲ್ಲೋ!"

ಹೋಗಿ ನೋಡಿದರೆ ಖರೇ. ಹಾಡು ತೊದಲುತ್ತಿತ್ತು, ಲೈನು ಬೀಳುತ್ತಿತ್ತು. ಹಳೆಯ ಮೋಡೆಮ್ಮಿಗೆ ತನ್ನದೇ ಮಿದುಳು ಇತ್ತು. ಈ ಕಾರ್ಡಿಗೆ ಅದಿಲ್ಲ. ಅದರ ತಲೆಕೆಲಸವನ್ನೆಲ್ಲ ಕಂಪ್ಯೂಟರೇ ಮಾಡಿಕೊಡಬೇಕು. ಕಂಪ್ಯೂಟರು ಬೇರೆ ಕೆಲಸಕ್ಕೆ ತಿರುಗಿದರೆ ಕಾರ್ಡು ಕೈಚೆಲ್ಲಿ ಕೂರುತ್ತದೆ. ಇದನ್ನು ವಕೀಲರಿಗೆ ತಿಳಿಯುವ ಹಾಗೆ ಹೇಳಹೋದೆ.

"ಹಳೇ ಮೋಡೆಮ್ ಅಂದ್ರ ಬ್ಯಾರೆ ಮನಿ ಮಾಡಿದ ಅಳಿಯ ಇದ್ದಂಗ್ರಿ, ತನ್ನದು ತಾ ದುಡ್ಕೊಂಡು ತಿಂತಿತ್ತು. ಇದು ಮನಿ ಅಳಿಯ. ದುಡಿಯಾಂವ ಮಾವ, ಹೆಸರು ಮಾತ್ರ ಅಳಿಯಂದು. ಮಾವ ಒಂದೀಟು ಆ ಕಡೆ ತಿರುಗಿದ್ರ ಇವನ ಕೈಕಾಲು ಆಡೂದಿಲ್ಲ."

ಚಹಾ ತರುತ್ತಿದ್ದ ವಕೀಲರ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟರು. ನನಗೆ ಆಗ ನೆನಪಾಯಿತು: ಬಾಗಿಲ ಮೇಲಿನ ಬೋರ್ಡು ವಕೀಲರದು, ಮನೆ ಅವರ ಮಾವನವರದು.

ಮೂಲೆಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಮಾವನವರು ಪೇಪರು ಕೆಳಗಿಳಿಸಿದರು. "ಎಷ್ಟ್ ಛಲೋ ಹೇಳಿದ್ಯೋ ತಮ್ಮಾ! ಹದಿನೆಂಟು ವರ್ಷದಿಂದ ನನಗ ಹಿಂಗ ಹೇಳಾಕ ಬಂದಿರ್ಲಿಲ್ಲ ನೋಡು."

೨. ಐದು ಗ್ರಹದ ಜಾತಕ

ವಕೀಲರು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ ಬಂದು, ಹೆಡ್‌ಮಾಸ್ತರರು ನನ್ನ ಜಾತಕ ಕೇಳಿದ್ದಾರೆ ಎಂದಷ್ಟೇ ಹೇಳಿ ಹೋದರು.

"ಬಸ್ ಹತ್ತಿ ಕೊಟ್ಟು ಬಾ" ಎಂದಳು ಅವ್ವ.

"ಬಸ್ ಯಾಕವ್ವಾ, ಫ್ಯಾಕ್ಸ್ ಮಾಡ್ತೇನಿ. ಹುಡುಗ ಎಂಥಾವ ಅಂತ ಅವರಿಗೂ ತಿಳೀಲಿ."

ಅಂಗಡಿಯ ಕಂಪ್ಯೂಟರಿಗೂ ಅಂಥದೇ ಕಾರ್ಡು ಹಾಕಿ, ಜಾತಕ ಸ್ಕ್ಯಾನ್ ಮಾಡಿ, ಹೆಡ್‌ಮಾಸ್ತರರ ಮನೆ ಪಕ್ಕದ ಫೋನ್ ಬೂತಿನ ಫ್ಯಾಕ್ಸಿಗೆ ಕಳಿಸಿದೆ. ಫ್ಯಾಕ್ಸು ಹೋಗುವಷ್ಟು ಹೊತ್ತು ಕೈಕಟ್ಟಿ ಕೂರಬೇಕಿತ್ತು. ಕೂರಲಾರದೆ ವೈರಸ್ ಹುಡುಕುವ ಪ್ರೋಗ್ರಾಂ ಚಾಲೂ ಮಾಡಿದೆ. ಕಂಪ್ಯೂಟರು ಅತ್ತ ತಿರುಗಿತು. ಇತ್ತ ಕುಂಡಲಿಯ ಮೇಲಿನ ಸಾಲೊಂದು ಬಿಟ್ಟು ಉಳಿದ ಮನೆಗಳೆಲ್ಲ ಅಳಿಸಿಹೋಗಿ, ಹಾಳೆಯ ಕೆಳಭಾಗ ಧಾರವಾಡದಲ್ಲಿ ಬೆಳ್ಳಗೆ ಹೊರಬಂತು.

ಸಂಜೆ ವಕೀಲರು ಸಿಟ್ಟು ಮರೆತು ಓಡಿಬಂದರು. "ಏನೋ ನಿನ್ನ ದೈವ! ಅಲ್ಲಿ ಜೋಯಿಸರು ಬೆರಗಾಗ್ಯಾರ. ಶನಿ ಇಲ್ಲ, ಕುಜ ಇಲ್ಲ, ರಾಹು ಇಲ್ಲ, ಕೇತು ಇಲ್ಲ. ಇಂಥಾ ನಿರ್ಮಲ ಜಾತಕ ಹುಟ್ಟಾ ನೋಡಿಲ್ಲಂತ!"

ನನಗೆ ವಿಷಯ ತಿಳಿಯಿತು. ಅವ್ವನಿಗೆ ಹೇಳಿದೆ. ಅವಳು, "ಗಪ್ ಕುಂಡ್ರು. ಗ್ರಹ ತಾವಾಗಿ ತಪ್ಪಿಸ್ಕೊಂಡು ಹೋದ್ರ, ಕರದು ಕೂಡ್ಸಾವ್ರು ನಾವ್ಯಾರು?" ಎಂದಳು.

ನನಗೆ ಅದು ಸರಿ ಕಾಣಲಿಲ್ಲ. ಮರುದಿನ ಮೂಲ ಜಾತಕ ಹಿಡಿದು ಧಾರವಾಡದ ಬಸ್ ಹತ್ತಿದೆ. ಹೆಡ್‌ಮಾಸ್ತರರು ಎರಡು ಹಾಳೆ ಪಕ್ಕಪಕ್ಕ ಇಟ್ಟು, ಪೇಪರ್ ತಿದ್ದುವಂತೆ ಪೆನ್ಸಿಲ್ಲಿನಿಂದ ಎಣಿಸಿದರು.

"ಇದರಾಗ ಒಂಬತ್ತು ಅದಾವು. ಫ್ಯಾಕ್ಸಿನ್ಯಾಗ ಬಂದದ್ದು ಐದು. ಹುಬ್ಬಳ್ಳಿ ಬಿಟ್ಟ ಮ್ಯಾಲೆ ಉಳಿದ ನಾಕು ಎಲ್ಲಿ ಹೋದುವ್ರಿ?"

ಒಳಗಿನಿಂದ ಹುಡುಗಿಯ ದನಿ ಬಂತು. "ದಾರ್ಯಾಗ ನವಲೂರಾಗ ಇಳದಿರಬೇಕ್ ತಗೋರಿ ಅಪ್ಪಾ, ಪೇರಲಹಣ್ಣು ತಗೊಳ್ಳಾಕ."

ನಾನು ಗಟ್ಟಿಯಾಗಿ ನಕ್ಕೆ. ಹೆಡ್‌ಮಾಸ್ತರರು ನಗಲಿಲ್ಲ. ಈ ಹುಡುಗಿ ಸಿಗದಿದ್ದರೆ ನನಗೆ ಬಹಳ ಸಂಕಟವಾಗುತ್ತದೆ ಎಂದು ಅಲ್ಲಿಯೇ, ಆ ಕುರ್ಚಿಯಲ್ಲಿಯೇ ಗೊತ್ತಾಯಿತು. ಹೆಡ್‌ಮಾಸ್ತರರು ಬಾಗಿಲತನಕ ಬಂದು ಕಳಿಸಿದರು. "ಮನ್ಯಾಗ ವಿಚಾರ ಮಾಡಿ ನಾವ ಫೋನ್ ಮಾಡ್ತೇವ್ರಿ. ನೀವು ದಯಮಾಡಿ ಏನೂ ಕಳಸಬ್ಯಾಡ್ರಿ."

೩. ಮೂವತ್ತು ಸೆಕೆಂಡು

ನಮ್ಮ ಮನೆಯಲ್ಲಿ ಫೋನಿಲ್ಲ, ಇದ್ದದ್ದು ಅಂಗಡಿಯಲ್ಲಿ. ನಾನೋ ದಿನವೂ ರಿಪೇರಿಗೆಂದು ಅಮರಗೋಳ, ಗಬ್ಬೂರ ಅಂತ ತಿರುಗುವವನು. ಅವರ ಫೋನು ತಪ್ಪಿಹೋದರೆ? ಕಾರ್ಡಿನ ಮೂರನೆಯ ಕೆಲಸ ಚಾಲೂ ಮಾಡಿದೆ. "ನಮಸ್ಕಾರ. ನಾನು ಹೊರಗೆ ಹೋಗಿದ್ದೇನೆ. ಬೀಪ್ ಆದ ಮೇಲೆ ನಿಮ್ಮ ವಿಷಯ ಹೇಳಿರಿ" ಎಂದು ನನ್ನ ದನಿಯಲ್ಲೇ ತುಂಬಿಸಿದೆ. ಡಿಸ್ಕಿನಲ್ಲಿ ಜಾಗ ಕಡಿಮೆ, ಒಬ್ಬೊಬ್ಬರಿಗೆ ಮೂವತ್ತೇ ಸೆಕೆಂಡು. ಬೇರೆ ಯಾವ ಪ್ರೋಗ್ರಾಮನ್ನೂ ಮುಟ್ಟಲಿಲ್ಲ. ಅಷ್ಟು ಬುದ್ಧಿ ಬಂದಿತ್ತು.

ಒಂದು ಮಧ್ಯಾಹ್ನ ಅಮರಗೋಳದಿಂದ ಅಂಗಡಿಗೆ ಬಂದೆ. ಅವ್ವ ಆಗಷ್ಟೇ ಬುತ್ತಿ ತಂದು ಕೂತಿದ್ದಳು, ವಕೀಲರೂ ಇದ್ದರು. ಕಂಪ್ಯೂಟರಿನಲ್ಲಿ ನಾಲ್ಕು ಫೋನಿನ ಮಾತು ರೆಕಾರ್ಡ್ ಆಗಿದ್ದವು. ಮೊದಲನೆಯದು ಒತ್ತಿದೆ. ಹೆಡ್‌ಮಾಸ್ತರರು!

"ನಮಸ್ಕಾರ್ರಿ. ಆರಾಮ ಅದೀರೇನ್ರಿ? ... ಆರಾಮ ಅದೀರೇನ್ರಿ ಅಂದೆ ... ತಾಯಾರು ಆರಾಮ? ... ಊಟ ಆತ್ರಿ? ... ನಮ್ದೂ ಈಗ ಆತು. ಮಳಿ ಹೆಂಗೈತ್ರಿ ಆ ಕಡೆ? ಇಲ್ಲಿ ಜಿಟಿಜಿಟಿ ಹಚ್ಚೈತಿ. ಅಂದಂಗ, ಫೋನ್ ಮಾಡಿದ್ದು ಯಾಕಂದ್ರ..."

ಬೀಪ್.

ನಾನು ತಲೆ ಹಿಡಿದುಕೊಂಡೆ. ಧಾರವಾಡದ ಹಿರಿಯರು ಕ್ಷೇಮ ಕೇಳದೆ ವಿಷಯಕ್ಕೆ ಬರುವುದುಂಟೇ? ಒಂದೊಂದು ಪ್ರಶ್ನೆಗೂ ಉತ್ತರಕ್ಕೆಂದು ಕಾದಿದ್ದರು ಬೇರೆ! ಎರಡನೆಯದು ಒತ್ತಿದೆ.

"ನಮಸ್ಕಾರ್ರಿ. ಮಾತು ಅರ್ಧಕ್ಕ ನಿಂತಿತು. ತಪ್ಪು ತಿಳೀಬ್ಯಾಡ್ರಿ, ಫೋನ್ ನಾ ಇಟ್ಟಿಲ್ಲ. ... ನೀವೂ ಇಟ್ಟಿರ್ಲಿಕ್ಕಿಲ್ಲ ಬಿಡ್ರಿ. ... ವಕೀಲರಿಗೆ ನಮಸ್ಕಾರ ಹೇಳ್ರಿ. ಅವರ ಮಾವನವರಿಗೂ ಹೇಳ್ರಿ. ಹಾಂ, ವಿಷಯಕ್ಕ ಬರ್ತೇನಿ. ನಮ್ಮ ಹುಡುಗಿ ಏನಂತಾಳಂದ್ರ..."

ಬೀಪ್.

"ಏನಂತಾಳೋ?" ಅವ್ವ ನನ್ನ ಕೈ ಹಿಡಿದಳು. ಮೂರನೆಯದು.

"ಏನ್ರಿ ಇದು? ಹಿರ್ಯಾರು ಮಾತಾಡೂ ಮುಂದ ಪಟ್ನ ಫೋನ್ ಇಡೂದು ಯಾವ ಊರ ರೀತಿ? ನಾ ಕೇಳಿದ್ದು ಒಂದಕ್ಕೂ ಉತ್ತರ ಇಲ್ಲ! ಇಂಥಾ ಮನಿಗೆ ಹೆಣ್ಣ ಕೊಡೂದಂದ್ರ..."

ಬೀಪ್.

ವಕೀಲರು ಹೊರಗಿನ ರಸ್ತೆ ನೋಡುತ್ತ ಕೂತರು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನಾಲ್ಕನೆಯದನ್ನು ಒತ್ತಲು ನನ್ನ ಬೆರಳು ಮುಂದೆ ಹೋಗಲಿಲ್ಲ. ಕಡೆಗೆ ಅವ್ವನೇ ಒತ್ತಿದಳು.

"ನಾನ್ರಿ, ಹುಡುಗಿ. ನನಗ ಒಪ್ಪಿಗಿ ಐತಿ, ಅಪ್ಪಾಗೂ ಐತಿ. ಅದು ಮಷೀನು ಅಂತ ತಿಳಿಸಿ ಹೇಳೇನಿ, ಸಿಟ್ಟು ಇಳದೈತಿ. ಈಗ ನೀವ ಫೋನ್ ಮಾಡ್ರಿ. ಅಪ್ಪಾ ಎಲ್ಲಾ ಮೊದಲಿಂದ ಶುರು ಮಾಡಾವ್ರದಾರ. ಊಟಾ ಮುಗಿಸಿ ಕುಂಡ್ರಿ."

ಅವ್ವ ಆಗಲೇ ಬುತ್ತಿಯ ಗಂಟು ಬಿಚ್ಚುತ್ತಿದ್ದಳು.